ಮುಚ್ಚಳ ತೆಗೆಯುವ ಮುಂಚೆಯೇ ಏರುವ ನಶೆ

ಅಮೆರಿಕದ ವಿಸ್ಕಿಯಾದ ಬರ್ಬನ್ ಕೊಳ್ಳಲು ಹೊರಟವರಿಗೆ ಒಂದು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು: ಲೇಬಲ್ಲಿನಲ್ಲಿ ಅಕ್ಷರ ದೊಡ್ಡದಾದಷ್ಟೂ ಅರ್ಥ ಸಣ್ಣದಾಗುತ್ತದೆ. ಚಿನ್ನದ ಬಣ್ಣದಲ್ಲಿ ಉಬ್ಬಿಸಿ ಅಚ್ಚೊತ್ತಿದ್ದೆಲ್ಲ ಮಾರ್ಕೆಟಿಂಗ್‌ನವರದು. ಹಿಂಬದಿಯಲ್ಲಿ, ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣಗೆ ಕೂತಿರುವುದು ಸರ್ಕಾರದ್ದು. ಎರಡರಲ್ಲಿ ಸರ್ಕಾರದ ಮಾತನ್ನೇ ನಂಬಿ ಎಂದು ಬರೆಯುವ ಅವಕಾಶ ಯಾರಿಗೂ ಪದೇ ಪದೇ ಸಿಗುವುದಿಲ್ಲ. ಇಲ್ಲಿ ಸಿಕ್ಕಿದೆ, ಬಿಡಬಾರದು.

ಗೊಂದಲ ಶುರುವಾಗುವುದು ಸಾಮಾನ್ಯವಾಗಿ ವಾಟ್ಸ್ಯಾಪಿನಲ್ಲಿ. ನ್ಯೂಜೆರ್ಸಿಯ ಭಾವಮೈದ ಊರಿಗೆ ಹೊರಡುವ ಹಿಂದಿನ ದಿನ ಅಂಗಡಿಯಲ್ಲಿ ನಿಂತು ಗೋಡೆ ತುಂಬ ಬಾಟಲಿಗಳ ಫೋಟೊ ಕಳಿಸುತ್ತಾನೆ. "ಭಾವ, ಯಾವ್ದು ತರ್ಲಿ?" ನಮ್ಮ ವಿಮಾನ ನಿಲ್ದಾಣಗಳಲ್ಲಿ ತಲೆಗೆ 2 ಲೀಟರ್‌ವರೆಗೆ ಸುಂಕವಿಲ್ಲ. 750 ಎಂ.ಎಲ್. ಬಾಟಲಿ ಎರಡಾದರೆ ಒಂದೂವರೆ ಲೀಟರ್. ಮೂರನೆಯದು ಗಡಿ ದಾಟುತ್ತದೆ. ಅಂದರೆ ಆಯ್ಕೆ ಇರುವುದು ಎರಡಕ್ಕೇ, ತಪ್ಪಿದರೆ ಮುಂದಿನ ರಜೆಯವರೆಗೆ ಕಾಯಬೇಕು. ಇಷ್ಟು ಗಂಭೀರ ಸನ್ನಿವೇಶದಲ್ಲಿ ಭಾವ ಫೋಟೊ ದೊಡ್ಡದು ಮಾಡಿ ನೋಡಿ ಉತ್ತರಿಸುತ್ತಾರೆ: "ರಿಸರ್ವ್ ಅಂತ ಬರ್ದಿದೆಯಲ್ಲ, ಅದೇ ಇರ್ಲಿ."

ರಿಸರ್ವ್‌ಗೆ ಅಮೆರಿಕದ ಕಾನೂನಿನಲ್ಲಿ ಯಾವ ಅರ್ಥವೂ ಇಲ್ಲ. ರೇರ್, ಸ್ಪೆಷಲ್, ಪ್ರೀಮಿಯಂ, ಓಲ್ಡ್ ಎಲ್ಲವೂ ಅದೇ ಜಾತಿ. ಓಲ್ಡ್ ಗ್ರ್ಯಾಂಡ್ ಡ್ಯಾಡ್ ಎಂಬ ಬಾಟಲಿಯಲ್ಲಿ ವಯಸ್ಸಾಗಿರುವುದು ಅಜ್ಜನಿಗೆ, ವಿಸ್ಕಿಗೆ ಎಂದು ಯಾರೂ ಹೇಳಿಲ್ಲ.

ಗಟ್ಟಿಯಾಗಿರುವ ಪದ ಎಂದರೆ ಬರ್ಬನ್ನೇ. ಅಮೆರಿಕದಲ್ಲಿ ತಯಾರಾಗಿರಬೇಕು, ಕೆಂಟಕಿ ರಾಜ್ಯದಲ್ಲೇ ಆಗಬೇಕೆಂದಿಲ್ಲ. ಧಾನ್ಯದಲ್ಲಿ ಕನಿಷ್ಠ ಶೇ 51 ಮೆಕ್ಕೆಜೋಳ. ಭಟ್ಟಿ ಇಳಿಸುವಾಗ ಆಲ್ಕೋಹಾಲ್ ಶೇ 80 ದಾಟಬಾರದು, ಪೀಪಾಯಿಗೆ ಸುರಿಯುವಾಗ ಶೇ 62.5 ದಾಟಬಾರದು, ಬಾಟಲಿಗೆ ಬರುವಾಗ ಶೇ 40ಕ್ಕಿಂತ ಇಳಿಯಬಾರದು. ಪೀಪಾಯಿ ಓಕ್ ಮರದ್ದು, ಹೊಚ್ಚ ಹೊಸದು, ಒಳಮೈಯನ್ನು ಬೆಂಕಿಯಲ್ಲಿ ಸುಟ್ಟು ಕರಿ ಮಾಡಿದ್ದು. ಕಾಕಂಬಿ ಸ್ಪಿರಿಟ್ಟಿಗೆ ಕ್ಯಾರಮೆಲ್ ಬಣ್ಣ ಹಾಕಿ ವಿಸ್ಕಿ ಎನ್ನುವ ನಾಡಿನಿಂದ ನೋಡಿದರೆ ಇದು ಅತಿ ಮಡಿ ಅನ್ನಿಸಬಹುದು. ಆದರೆ ಈ ಮಡಿಯಲ್ಲೂ ಒಂದು ಸಂದಿ ಇದೆ: ಪೀಪಾಯಿಯಲ್ಲಿ ಎಷ್ಟು ಕಾಲ ಇರಬೇಕೆಂದು ಬರಿಯ ಬರ್ಬನ್‌ಗೆ ಕಾನೂನು ಹೇಳುವುದಿಲ್ಲ.

ಅದನ್ನು ಹೇಳುವ ಪದ ಸ್ಟ್ರೇಟ್. ನೋಡಲು ಏನೂ ಅಲ್ಲ, ಬಡಪಾಯಿ ಪದ, ಯಾರೂ ಅದನ್ನು ಚಿನ್ನದ ಬಣ್ಣದಲ್ಲಿ ಬರೆಯುವುದಿಲ್ಲ. ಆದರೆ ಸ್ಟ್ರೇಟ್ ಎಂದರೆ ಕನಿಷ್ಠ ಎರಡು ವರ್ಷ ಪೀಪಾಯಿಯಲ್ಲಿ ಇದ್ದಿರಬೇಕು. ಇನ್ನೊಂದು ನಿಯಮವನ್ನೂ ಇದರ ಜೊತೆ ಗಂಟು ಹಾಕಿಕೊಳ್ಳಿ: ನಾಲ್ಕು ವರ್ಷ ತುಂಬದ ವಿಸ್ಕಿ ತನ್ನ ವಯಸ್ಸನ್ನು ಲೇಬಲ್ಲಿನಲ್ಲಿ ಹೇಳಲೇಬೇಕು. ಹಾಗಾಗಿ ಸ್ಟ್ರೇಟ್ ಬರ್ಬನ್ ಎಂದಿದ್ದು ವಯಸ್ಸಿನ ಸುಳಿವೇ ಇಲ್ಲದಿದ್ದರೆ ಅದಕ್ಕೆ ನಾಲ್ಕಾದರೂ ಆಗಿದೆ ಎಂದರ್ಥ. ವಯಸ್ಸು ಬರೆದಿದ್ದರೆ ಅದು ಮಿಶ್ರಣದಲ್ಲಿರುವ ಅತ್ಯಂತ ಎಳೆಯ ಪೀಪಾಯಿಯದು. ಮನೆಯ ಕಿರಿಯನ ವಯಸ್ಸನ್ನೇ ಇಡೀ ಕುಟುಂಬದ ವಯಸ್ಸೆಂದು ಬರೆಸುವ ಕಾನೂನು ಇದು.

ಸಂಖ್ಯೆ ಕಂಡಾಕ್ಷಣ ವರ್ಷ ಎಂದುಕೊಳ್ಳುವ ಅಪಾಯವೂ ಇದೆ. ವೆರಿ ಓಲ್ಡ್ ಬಾರ್ಟನ್ ಎಂಬ ಬರ್ಬನ್ ಒಂದು ಕಾಲದಲ್ಲಿ ಆರು ವರ್ಷದ್ದೆಂದು ಹೇಳಿಕೊಳ್ಳುತ್ತಿತ್ತು. ಆಮೇಲೆ ವರ್ಷ ಎಂಬ ಪದ ಮೆಲ್ಲಗೆ ಜಾರಿಕೊಂಡಿತು, 6 ಮಾತ್ರ ಕುತ್ತಿಗೆ ಹಿಡಿದು ಉಳಿಯಿತು. ಯಾವುದರ ಆರು ಎಂದು ಕೇಳಿದರೆ ಉತ್ತರವಿಲ್ಲ. ಎಲೈಜಾ ಕ್ರೇಗ್ ಸ್ಮಾಲ್ ಬ್ಯಾಚ್ ಎಂಬ ಇನ್ನೊಂದು ಬರ್ಬನ್‌ನ 12 ಮೊದಲು ಮುಂಬದಿಯಿಂದ ಹಿಂಬದಿಗೆ ವರ್ಗವಾಯಿತು, 2016ರಲ್ಲಿ ನಿವೃತ್ತಿಯೇ ಆಯಿತು. ಈಗ ಎಂಟರಿಂದ ಹನ್ನೆರಡು ವರ್ಷದ ಪೀಪಾಯಿಗಳ ಮಿಶ್ರಣ. ಬೆಲೆಗೆ ಮಾತ್ರ ನಿವೃತ್ತಿ ವಯಸ್ಸಿಲ್ಲ.

ಇನ್ನು ಸ್ಮಾಲ್ ಬ್ಯಾಚ್. ಕೇಳಿದರೆ ಹಿತ್ತಲಲ್ಲಿ ಒಬ್ಬ ಮುದುಕ ಹಂಡೆಯ ಮುಂದೆ ಕೂತಿರುವ ಚಿತ್ರ ಬರುತ್ತದೆ. ಎಷ್ಟು ಚಿಕ್ಕದಾದರೆ ಸ್ಮಾಲ್? ಕಾನೂನಿನಲ್ಲಿ ಮಿತಿಯಿಲ್ಲ. ಸ್ವಲ್ಪ ಲೆಕ್ಕ ಹಾಕೋಣ. ಒಂದು ಪೀಪಾಯಿ 53 ಗ್ಯಾಲನ್, ಸುಮಾರು 200 ಲೀಟರ್. ಕೆಲವು ವರ್ಷಗಳಲ್ಲಿ ಕಾಲು ಭಾಗ ಆವಿಯಾಗಿ 150 ಲೀಟರ್ ಉಳಿಯಿತು ಎನ್ನಿ. ಇಂಥ ನೂರು ಪೀಪಾಯಿ ಸುರಿದು ಬೆರೆಸಿದರೆ 15,000 ಲೀಟರ್, ಅಂದರೆ 750 ಎಂ.ಎಲ್.ನ 20,000 ಬಾಟಲಿ. ಅದೂ ನೀರು ಸೇರಿಸುವ ಮೊದಲು. ಒಂದು ಹೋಬಳಿಗೆ ಹಂಚಿ ಮಿಕ್ಕೀತು. ದಿನಕ್ಕೆ ಸಾವಿರಾರು ಪೀಪಾಯಿ ತುಂಬಿಸುವ ಕಾರ್ಖಾನೆಯ ಕಣ್ಣಿಗೆ ನೂರು ಸಣ್ಣದೇ, ಅವರು ಸುಳ್ಳು ಹೇಳುತ್ತಿಲ್ಲ. ಯಾವುದಕ್ಕೆ ಹೋಲಿಸಿ ಸಣ್ಣದು ಎಂದಷ್ಟೇ ಹೇಳುತ್ತಿಲ್ಲ.

ಹ್ಯಾಂಡ್‌ಮೇಡ್ ಎಂಬ ಪದವಂತೂ ಕೋರ್ಟು ಮೆಟ್ಟಿಲು ಹತ್ತಿ ಬಂದಿದೆ. ಮೇಕರ್ಸ್ ಮಾರ್ಕ್ ಎಂಬ ಬರ್ಬನ್‌ನ ಲೇಬಲ್ಲಿನಲ್ಲಿ ಹಾಗೆ ಬರೆದಿದ್ದಾರೆ, ಆದರೆ ಒಳಗೆ ಯಂತ್ರಗಳಿವೆ ಎಂದು ಗ್ರಾಹಕರು ದಾವೆ ಹೂಡಿದರು. 2015ರಲ್ಲಿ ಫ್ಲಾರಿಡಾದ ಫೆಡರಲ್ ನ್ಯಾಯಾಧೀಶರು ದಾವೆ ವಜಾ ಮಾಡಿದರು. ಸ್ವೆಟರ್ ಆದರೆ ಕೈಯಲ್ಲಿ ಹೆಣೆಯಬಹುದು, ಬರ್ಬನ್ ಕೈಯಲ್ಲಿ ಮಾಡಲಾದೀತೇ, ಬುದ್ಧಿ ನೆಟ್ಟಗಿರುವ ಯಾರೂ ಆ ಪದವನ್ನು ಹಾಗೆ ನಂಬುವುದಿಲ್ಲ ಎಂಬುದು ತೀರ್ಪಿನ ಸಾರ. ಕಂಪನಿ ಗೆದ್ದದ್ದು ತನ್ನ ಮಾತನ್ನು ಯಾರೂ ನಂಬುವುದಿಲ್ಲ ಎಂಬ ಆಧಾರದ ಮೇಲೆ!

ಆ ಬಾಟಲಿಯಲ್ಲಿ ನಿಜವಾಗಿ ಕೈಯಿಂದ ಆಗುವ ಒಂದು ಕೆಲಸವಿದೆ: ಕುತ್ತಿಗೆಯನ್ನು ಕೆಂಪು ಮೇಣದಲ್ಲಿ ಅದ್ದುವುದು. ಅದನ್ನು ಬಿಚ್ಚುವಾಗ ನಮ್ಮವರು ಅಡುಗೆಮನೆಯ ಚಾಕು, ಸ್ಕ್ರೂಡ್ರೈವರ್, ಕೊನೆಗೆ ಬೆಂಕಿಪೊಟ್ಟಣದವರೆಗೂ ಹೋಗುತ್ತಾರೆ. ಮೇಣದ ಚೂರೆಲ್ಲ ಗ್ಲಾಸಿಗೆ, ಮೇಣ ಹಿಡಿದ ಚಾಕು ಬೆಳಿಗ್ಗೆ ಮನೆಯೊಡತಿಯ ಕೈಗೆ. ಇದೆಲ್ಲ ಬೇಡ. ಮೇಣದ ಕೆಳಗೆ ಕುತ್ತಿಗೆಯ ಸುತ್ತ ಒಂದು ಪಟ್ಟಿ ಇದೆ, ಅದರ ತುದಿ ಹೊರಗೆ ಚಾಚಿಕೊಂಡಿರುತ್ತದೆ. ಅದನ್ನು ಹಿಡಿದು ಒಂದು ಸುತ್ತು ಎಳೆದರೆ ಮೇಲಿನ ಟೋಪಿ ಇಡಿಯಾಗಿ ಕಳಚಿ ಬರುತ್ತದೆ.

ಸಿಂಗಲ್ ಬ್ಯಾರೆಲ್ ಇವುಗಳಲ್ಲಿ ಕೊಂಚ ಮರ್ಯಾದಸ್ಥ ಪದ. ಒಂದೇ ಪೀಪಾಯಿಯದು, ಬೇರೆಯದರ ಜೊತೆ ಬೆರೆಸಿಲ್ಲ. 1984ರಲ್ಲಿ ಭಟ್ಟಿ ನಿಪುಣ ಎಲ್ಮರ್ ಟಿ. ಲೀ ಹೊರತಂದ ಬ್ಲಾಂಟನ್ಸ್ ಬರ್ಬನ್‌ನಿಂದ ಈ ಶೈಲಿ ಹೆಸರಾಯಿತು. ಅದರ ಲೇಬಲ್ ಹತ್ತಿರದಿಂದ ನೋಡಬೇಕಾದದ್ದು: ಪೀಪಾಯಿ ಸುರಿದ ತಾರೀಖು, ಪೀಪಾಯಿ ಸಂಖ್ಯೆ, ಗೋದಾಮು, ಅಟ್ಟಣೆ ಎಲ್ಲ ಖಾಲಿ ಜಾಗ ತುಂಬಿದಂತೆ ನಮೂದಾಗಿರುತ್ತದೆ, ತಹಶೀಲ್ದಾರ್ ಕಚೇರಿಯ ಫಾರಂ ಹಾಗೆ. ಇಲ್ಲೂ ಒಂದು ಎಡವಟ್ಟಿದೆ. ಹೋದ ವರ್ಷ ಕುಡಿದ ಅದೇ ರುಚಿ ಬೇಕೆಂದು ಅದೇ ಹೆಸರಿನ ಬಾಟಲಿ ತಂದರೆ ಅದು ಬೇರೆ ಪೀಪಾಯಿ, ಬೇರೆ ರುಚಿ. ಆ ಪೀಪಾಯಿ ಮುಗಿದುಹೋಗಿದೆ. ಜೊತೆಗೆ ಅದರ ಬಿರಡೆಯ ಮೇಲೆ ಓಡುವ ಕುದುರೆಯ ಎಂಟು ಭಂಗಿಗಳಿವೆ, ಒಂದೊಂದರಲ್ಲಿ ಬ್ರ್ಯಾಂಡ್ ಹೆಸರಿನ ಒಂದೊಂದು ಅಕ್ಷರ. ಎನ್ ಎರಡು ಬಾರಿ ಬರುವುದರಿಂದ ಎರಡನೆಯದಕ್ಕೆ ಬೇರೆ ಗುರುತೂ ಇದೆ. ಎಂಟೂ ಕೂಡಿಸುವ ಹುಚ್ಚಿಗೆ ಬಿದ್ದವರು ರುಚಿಯ ಮಾತು ಬಿಟ್ಟು ಕುದುರೆಯ ಕಾಲು ನೋಡಿ ಬಾಟಲಿ ಆರಿಸುತ್ತಾರೆ.

ನಿಜವಾದ ಪತ್ತೇದಾರಿ ಇರುವುದು ಹಿಂಬದಿಯ ವಿಳಾಸದಲ್ಲಿ. "ಡಿಸ್ಟಿಲ್ಡ್ ಬೈ" ಎಂದಿದ್ದರೆ ಭಟ್ಟಿ ಇಳಿಸಿದವರು ಅವರೇ. "ಬಾಟಲ್ಡ್ ಬೈ" ಎಂದಿದ್ದರೆ ಬಾಟಲಿಗೆ ತುಂಬಿದ್ದು ಅವರು, ಇಳಿಸಿದ್ದು ಯಾರೋ. "ಪ್ರೊಡ್ಯೂಸ್ಡ್ ಬೈ" ಎಂಬುದು ಮೊದಲನೆಯದರ ಹಾಗೆ ಕೇಳಿಸುತ್ತದೆ, ಅದರ ಭರವಸೆ ಕೊಡುವುದಿಲ್ಲ. ಎಷ್ಟೋ ಬ್ರ್ಯಾಂಡುಗಳಿಗೆ ಸ್ವಂತ ಭಟ್ಟಿಯೇ ಇಲ್ಲ. ಇಂಡಿಯಾನಾ ರಾಜ್ಯದ ಲಾರೆನ್ಸ್‌ಬರ್ಗ್‌ನಲ್ಲಿರುವ ಎಂಜಿಪಿ ಎಂಬ ಕಂಪನಿಯ ದೊಡ್ಡ ಕಾರ್ಖಾನೆಯಿಂದ ಕೊಂಡು, ತಮ್ಮ ಮುತ್ತಜ್ಜನ ಕಥೆ ಅಂಟಿಸಿ ಮಾರುತ್ತವೆ. ಟೆಂಪಲ್ಟನ್ ರೈ ಎಂಬ ವಿಸ್ಕಿ (ಇದು ಬರ್ಬನ್ ಅಲ್ಲ, ರೈ ಎಂಬ ಧಾನ್ಯದ ದಾಯಾದಿ) ಅಯೋವಾದ ಹಳ್ಳಿಯ ಹೆಸರಿನಲ್ಲಿ ಮೆರೆಯುತ್ತಿತ್ತು, ಬರುತ್ತಿದ್ದುದು ಇದೇ ಇಂಡಿಯಾನಾದಿಂದ. ದಾವೆಯಾಗಿ 2015ರಲ್ಲಿ ರಾಜಿಯಾಯಿತು. ಇಳಿಸಿದ ರಾಜ್ಯ ಮತ್ತು ವಿಳಾಸದ ರಾಜ್ಯ ಬೇರೆಯಾದರೆ ಇಳಿಸಿದ್ದು ಎಲ್ಲಿ ಎಂದು ಬರೆಯಲೇಬೇಕು ಎಂಬ ನಿಯಮ ಮೊದಲಿನಿಂದಲೂ ಇದೆ, ಹುಡುಕಿ ಓದಿ. ಓದುವಾಗ ಇನ್ನೊಂದು ಎಚ್ಚರ: ಕೆಂಟಕಿಯಲ್ಲೂ ಒಂದು ಲಾರೆನ್ಸ್‌ಬರ್ಗ್ ಇದೆ, ವೈಲ್ಡ್ ಟರ್ಕಿ ಮತ್ತು ಫೋರ್ ರೋಸಸ್ ಬರ್ಬನ್‌ಗಳು ಅಲ್ಲಿಯವು. ಊರು ನೋಡಿ ನಿಲ್ಲಬೇಡಿ, ರಾಜ್ಯ ನೋಡಿ.

ಇಷ್ಟೆಲ್ಲ ತಲೆಬಿಸಿ ಬೇಡ ಎನ್ನುವವರಿಗೆ ಭಾವಮೈದನಿಗೆ ಕಳಿಸಬೇಕಾದ ಸಂದೇಶ ಒಂದೇ: ಬಾಟಲ್ಡ್ ಇನ್ ಬಾಂಡ್. ಹತ್ತೊಂಬತ್ತನೇ ಶತಮಾನದಲ್ಲಿ ವ್ಯಾಪಾರಿಗಳು ಬರಿಯ ಸ್ಪಿರಿಟ್ಟಿಗೆ ಒಣಹಣ್ಣಿನ ರಸ, ತಂಬಾಕಿನ ನೀರು ಬೆರೆಸಿ ವಿಸ್ಕಿ ಎಂದು ಮಾರುತ್ತಿದ್ದರು. ವಿಸ್ಕಿ ತಯಾರಕ ಕರ್ನಲ್ ಇ. ಎಚ್. ಟೇಲರ್ ಮುಂತಾದವರ ಒತ್ತಾಯದಿಂದ 1897ರಲ್ಲಿ ಕಾಯ್ದೆ ಬಂತು. ಒಂದೇ ಭಟ್ಟಿ, ಒಂದೇ ಋತು (ಜನವರಿಯಿಂದ ಜೂನ್ ಅಥವಾ ಜುಲೈಯಿಂದ ಡಿಸೆಂಬರ್), ಸರ್ಕಾರಿ ನಿಗಾದ ಗೋದಾಮಿನಲ್ಲಿ ಕನಿಷ್ಠ ನಾಲ್ಕು ವರ್ಷ, ಬಾಟಲಿಯಲ್ಲಿ ಸರಿಯಾಗಿ ಶೇ 50 ಆಲ್ಕೋಹಾಲ್, ಯಾವ ಭಟ್ಟಿ ಎಂಬುದರ ನೋಂದಣಿ ಸಂಖ್ಯೆ. ಡಿ.ಎಸ್.ಪಿ. ಕೆ.ವೈ. 113 ಎಂದಿದ್ದರೆ ಕೆಂಟಕಿಯ ಬಫಲೋ ಟ್ರೇಸ್ ಭಟ್ಟಿ, ಡಿ.ಎಸ್.ಪಿ. ಎಂದರೆ ಇಲ್ಲಿ ಡಿಸ್ಟಿಲ್ಡ್ ಸ್ಪಿರಿಟ್ಸ್ ಪ್ಲಾಂಟ್, ಪೊಲೀಸ್ ಅಧಿಕಾರಿಯಲ್ಲ, ಗಾಬರಿ ಬೇಡ. ತಮಾಷೆಯೆಂದರೆ ಇಷ್ಟು ಖಾತ್ರಿ ಇರುವ ಇವಾನ್ ವಿಲಿಯಮ್ಸ್‌ನ ಬಿಳಿ ಲೇಬಲ್ 20 ಡಾಲರ್ ಆಸುಪಾಸಿಗೆ ಕೆಳಗಿನ ಅರೆಯಲ್ಲಿ ಧೂಳು ಹಿಡಿದಿರುತ್ತದೆ. ಕಣ್ಣೆತ್ತರದಲ್ಲಿ ರಿಸರ್ವ್ ಇರುತ್ತದೆ.

ಬ್ಲೆಂಡೆಡ್ ಬರ್ಬನ್ ಮತ್ತು ಎ ಬ್ಲೆಂಡ್ ಆಫ್ ಸ್ಟ್ರೇಟ್ ಬರ್ಬನ್ಸ್ ಒಂದೇ ಎಂದುಕೊಂಡು ಮೊದಲನೆಯದನ್ನು ತಂದವರು ಅರ್ಧ ಮೋಸ ಹೋದ ಹಾಗೆ. ಎರಡನೆಯದರಲ್ಲಿ ಎಲ್ಲವೂ ಸ್ಟ್ರೇಟ್. ಮೊದಲನೆಯದರಲ್ಲಿ ಶೇ 51 ಸ್ಟ್ರೇಟ್ ಬರ್ಬನ್ ಇದ್ದರೆ ಸಾಕು, ಉಳಿದದ್ದು ರುಚಿಯಿಲ್ಲದ ಸ್ಪಿರಿಟ್ ಆಗಿರಬಹುದು. ಸೌರ್ ಮ್ಯಾಶ್ ಕಂಡು ಹುಳಿ ಎಂದು ಬಿಟ್ಟುಬಂದವರೂ ಇದ್ದಾರೆ. ಹಿಂದಿನ ಭಟ್ಟಿಯಲ್ಲಿ ಉಳಿದ ಗಂಜಿಯನ್ನು ಮುಂದಿನ ಹದಕ್ಕೆ ಸೇರಿಸಿ ಆಮ್ಲೀಯತೆ ಸರಿಹೊಂದಿಸುವ ಕ್ರಮ ಅದು, ಹೆಚ್ಚುಕಮ್ಮಿ ಎಲ್ಲ ಬರ್ಬನ್‌ಗಳಲ್ಲೂ ಇದೆ, ಬಾಟಲಿಯಲ್ಲಿ ಹುಳಿಯಿರುವುದಿಲ್ಲ.

ಕೊನೆಯದು ಪ್ರೂಫ್, ಇಲ್ಲಿ ಏಮಾರಿದರೆ ಪರಿಣಾಮ ಬೆಳಿಗ್ಗೆವರೆಗೂ ಇರುತ್ತದೆ. ಅಮೆರಿಕದ ಪ್ರೂಫ್ ಎಂದರೆ ಶೇಕಡಾವಾರು ಆಲ್ಕೋಹಾಲಿನ ಎರಡರಷ್ಟು: 80 ಪ್ರೂಫ್ ಅಂದರೆ ಶೇ 40. ನಮ್ಮಲ್ಲಿ ನಡೆದು ಬಂದದ್ದು ಬ್ರಿಟಿಷರ ಲೆಕ್ಕ, ಅದರಲ್ಲಿ 100 ಡಿಗ್ರಿ ಎಂದರೆ ಸುಮಾರು ಶೇ 57.1. ನಮ್ಮ ಬಾಟಲಿಗಳ 42.8 ಎಂಬ ವಿಚಿತ್ರ ಸಂಖ್ಯೆ ಬಂದದ್ದೇ ಹೀಗೆ, ಅದು 75 ಡಿಗ್ರಿ, ಅಂದರೆ 25 ಯು.ಪಿ. (ಅಂಡರ್ ಪ್ರೂಫ್, ನೂರಕ್ಕೆ 25 ಕಡಿಮೆ). ಹಾಗಾಗಿ "ನಮ್ದು ಎಪ್ಪತ್ತೈದು, ಇದು ಎಂಬತ್ತು, ಹುಷಾರು ಕಣಯ್ಯಾ" ಎಂದು ಬರ್ಬನ್‌ಗೆ ಜಾಸ್ತಿ ಸೋಡ ಸುರಿಯುವವರು ಎರಡು ಸಲ ತಪ್ಪು ಮಾಡುತ್ತಾರೆ. 80 ಪ್ರೂಫ್ ನಮ್ಮದಕ್ಕಿಂತ ಸಪ್ಪೆ.

ಹುಷಾರಾಗಬೇಕಾದದ್ದು ಬ್ಯಾರೆಲ್ ಪ್ರೂಫ್ ಎಂಬ ಬಾಟಲಿಗೆ. ಪೀಪಾಯಿಯಿಂದ ಹೇಗೆ ಬಂತೋ ಹಾಗೇ, ನೀರಿಲ್ಲದೆ. 125 ಪ್ರೂಫ್ ಎಂದಿದ್ದರೆ ಶೇ 62.5. ಒಂದು ಲಾರ್ಜ್, 60 ಎಂ.ಎಲ್. ಸುರಿದರೆ ಅದರಲ್ಲಿ 37.5 ಎಂ.ಎಲ್. ಶುದ್ಧ ಆಲ್ಕೋಹಾಲ್. ಅದನ್ನು ನಮ್ಮೂರ ಬಾಟಲಿಯ ಹದಕ್ಕೆ ತರಲು 28 ಎಂ.ಎಲ್. ನೀರು ಬೇಕು, ಒಂದು ಸ್ಮಾಲ್‌ಗೆ ಎರಡು ಎಂ.ಎಲ್. ಕಡಿಮೆ. ಅಂದರೆ ಗ್ಲಾಸಿಗೆ ಲಾರ್ಜ್ ಎಂದು ಹಾಕಿಕೊಂಡದ್ದು ನಿಜವಾಗಿ ನೈಂಟಿ, ಐಸಿನ ಮಾತು ಇನ್ನೂ ಬಂದೇ ಇಲ್ಲ. ಎರಡನೇ ಸುತ್ತಿಗೆ ಭಾವ ಬಾಟಲಿ ಎತ್ತುವ ಮೊದಲು ಈ ಲೆಕ್ಕವನ್ನು ಭಾವಮೈದ ಹೇಳಿಬಿಡಬೇಕು. ಆಮೇಲೆ ಹೇಳಿದರೆ ಕೇಳುವವರು ಇರುವುದಿಲ್ಲ.