ತೂತಿನ ಕಾನೂನು, ತೂಕದ ತಕರಾರು

ಎಲ್ಲರ ಮನೆ ದೋಸೆನೂ ತೂತೇ ಅಂತ ನಾವು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಅಮೆರಿಕದವರು ಹಾಗೆ ಬಿಡುವ ಪೈಕಿ ಅಲ್ಲ. ಅವರು ತೂತಿಗೆ ಅಳತೆಪಟ್ಟಿ ಹಿಡಿಯುತ್ತಾರೆ. ಯಾವ ಪ್ರಾಣಿಗೆ ಎಷ್ಟು ತೂತು ಅಂತ ಪುಸ್ತಕ ಅಚ್ಚು ಹಾಕಿಸುತ್ತಾರೆ. ರಾಜ್ಯಕ್ಕೊಂದು ಪುಸ್ತಕ, ಪುಸ್ತಕಕ್ಕೊಂದು ಅಳತೆ.

ತೂತು ಅಂದರೆ ಇಲ್ಲಿ ಕೋವಿಯ ನಳಿಗೆಯದ್ದು. ಅದೂ ಬಾಯಿಯ ಕಡೆಯಿಂದ ಮದ್ದು ತುಂಬುವ ಹಳೇ ಕೋವಿ. ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಲೈಸೆನ್ಸಿನಲ್ಲಿ ಎಸ್‌ಬಿಎಂಎಲ್ (ಸಿಂಗಲ್ ಬ್ಯಾರೆಲ್ ಮಝಲ್ ಲೋಡರ್) ಅಂತ ಬರೆದಿರುತ್ತದಲ್ಲ, ಬೆಳೆ ಕಾಯಲು ಕೊಟ್ಟದ್ದು, ಎಲೆಕ್ಷನ್ ಬಂದಾಗಲೆಲ್ಲ ಸ್ಟೇಷನ್ನಿಗೆ ಹೋಗಿ ಕೂರುವುದು, ಅದೇ ಜಾತಿ. ಉಳಿದವರಿಗೆ ಹೇಳುವುದಾದರೆ: ನಳಿಗೆಗೆ ಮದ್ದು ಸುರಿ, ಬಟ್ಟೆ ಚೂರಿನ ಮೇಲೆ ಸೀಸದ ಗುಂಡಿಡು, ಗಜ ಹಾಕಿ ಜಡಿ, ಹಿಂದೆ ಕಿಡಿ ಹೊತ್ತಿಸುವ ಕೇಪು ಸಿಕ್ಕಿಸು, ಹೊಡಿ. ತಪ್ಪಿತೋ, ಮತ್ತೆ ಮೊದಲಿನಿಂದ. ಅಷ್ಟರಲ್ಲಿ ಪ್ರಾಣಿ ಪಕ್ಕದ ತಾಲೂಕಿನಲ್ಲಿರುತ್ತದೆ.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಅನ್ನುವುದು ಅಜ್ಜಂದಿರ ಬಾಯಲ್ಲಿ ಮಾತ್ರ ಉಳಿದಿದೆ, ಉಳಿದಿರಬೇಕು. ಅಲ್ಲಿ ಈ ಕೋವಿಗೆಂದೇ ಬೇರೆ ಸೀಸನ್ ಇದೆ. ಕೊಲೊರಾಡೊದಲ್ಲಿ ಅದು ಸೆಪ್ಟೆಂಬರ್. ಗಂಡು ಎಲ್ಕ್‌ಗಳು ಬೆದೆಯಲ್ಲಿ ಕೂಗುತ್ತಾ ತಿರುಗುವ ಕಾಲ. ಎಲ್ಕ್ ಅಂದರೆ ನಮ್ಮ ಕಡವೆಯ ಅಣ್ಣ ಅನ್ನಿ, ಗಂಡಾದರೆ 300 ಕಿಲೋ ದಾಟುತ್ತದೆ. ರೈಫಲ್ ಜನ ಕಾಡಿಗೆ ನುಗ್ಗುವುದು ಅಕ್ಟೋಬರ್‌ನಲ್ಲಿ. ಅದಕ್ಕೂ ಮೊದಲೇ, ಕಷ್ಟದ ಕೋವಿ ಹಿಡಿದವನಿಗೆ ಸರ್ಕಾರ ಕೊಡುವ ಕೃಪಾಂಕ ಇದು.

ಕೃಪಾಂಕಕ್ಕೆ ಷರತ್ತು ಬೇಕಲ್ಲ. ಜಿಂಕೆಗೂ ಕರಿ ಕರಡಿಗೂ ಕೋವಿಯ ಕ್ಯಾಲಿಬರ್, ಅಂದರೆ ತೂತಿನ ಅಗಲ, ಕನಿಷ್ಠ 40. ಎಲ್ಕ್‌ಗೆ, ಅದಕ್ಕಿಂತ ದೊಡ್ಡ ಜಿಂಕೆ ಜಾತಿಯ ಮೂಸ್‌ಗೆ ಕನಿಷ್ಠ 50. ಇದು ಇಂಚಿನ ನೂರನೇ ಭಾಗದ ಲೆಕ್ಕ. 50 ಅಂದರೆ ಅರ್ಧ ಇಂಚು, 12.7 ಮಿಲಿಮೀಟರ್. ನಿಮ್ಮ ಹೆಗಲ ಮೇಲೆ 45ರ ಕೋವಿ ಇದೆ ಅಂದುಕೊಳ್ಳಿ. ಎದುರಿಗೆ ಜಿಂಕೆ ಬಂದರೆ ನೀವು ಬೇಟೆಗಾರ. ಅದರ ಹಿಂದೆ ಎಲ್ಕ್ ಬಂದರೆ ಸುಮ್ನೆ ವಾಕಿಂಗ್ ಬಂದವರು.

ನಗುವ ಮೊದಲು ಒಂದು ಮಾತು. ಈ ನಿಯಮ ಹುಟ್ಟಿದಾಗ ಅದಕ್ಕೆ ತಲೆಬುಡ ಇತ್ತು. ಗಾಯಗೊಂಡ ಪ್ರಾಣಿ ನರಳುತ್ತಾ ಪೊದೆಯಲ್ಲಿ ಸಾಯಬಾರದು ಅನ್ನುವ ಕಾಳಜಿಯೂ ಇತ್ತು. ಹಳೇ ಕೋವಿಯ ಗುಂಡು ನಿಜವಾಗಿಯೂ ಗುಂಡಗಿರುವ ಗುಂಡು. ಗೋಲಿಯ ಅಗಲ ಗೊತ್ತಾದರೆ ತೂಕ ಗೊತ್ತಾದಂತೆ. 40ರ ಕೋವಿಯ ಸೀಸದ ಗುಂಡು ಸುಮಾರು 90 ಗ್ರೇನ್, 45ರದ್ದು ಸುಮಾರು 128, 50ರದ್ದು ಸುಮಾರು 177. ಗ್ರೇನ್ ಅಂದರೆ ಅವರ ಗುಲಗಂಜಿ, ಒಂದು ಗ್ರಾಮಿಗೆ ಹೆಚ್ಚುಕಡಿಮೆ 15.4. ತೂತು ಕಾಲು ಭಾಗ ಹಿಗ್ಗಿದರೆ ತೂಕ ಎರಡರಷ್ಟಾಗುತ್ತದೆ. ಹಾಗಾಗಿ ತೂತು ಅಳೆದರೆ ಸಾಕಿತ್ತು.

ಆದರೆ ಕೊಲೊರಾಡೊಗೆ ಅಷ್ಟು ಸಾಕಾಗಲಿಲ್ಲ. 40ರಿಂದ 50ರವರೆಗಿನ ಕೋವಿಯ ಗುಂಡು ಕನಿಷ್ಠ 170 ಗ್ರೇನ್ ತೂಗಬೇಕು ಅಂತ ಇನ್ನೊಂದು ಸಾಲು ಸೇರಿಸಿತು. ಈಗ ಮೇಲಿನ ಲೆಕ್ಕಕ್ಕೆ ವಾಪಸ್ ಹೋಗಿ. 40ರ ಕೋವಿ ಕಾನೂನುಬದ್ಧ, ಅದರ ಗೋಲಿಗುಂಡು ಅಪರಾಧ. 45ರ ಕೋವಿ ಕಾನೂನುಬದ್ಧ, ಅದರ ಗೋಲಿಗುಂಡೂ ಅಪರಾಧ. ಮದುವೆಗೆ ಕರೆದು ಊಟಕ್ಕೆ ಕೂರಬೇಡ ಅಂದ ಹಾಗೆ. 170 ಮುಟ್ಟಬೇಕಾದರೆ ಗೋಲಿ ಬಿಟ್ಟು ಉದ್ದನೆಯ ಗುಂಡು ಹಾಕಬೇಕು. ಅದು ಉದ್ದವಾಯಿತೋ, ಇನ್ನೊಂದು ಸಾಲು ಕಾದಿದೆ: ಅಗಲದ ಎರಡರಷ್ಟಕ್ಕಿಂತ ಉದ್ದ ಇರಕೂಡದು. ಕಾಡಿಗೆ ಹೋಗುವವನು ಚೀಲದಲ್ಲಿ ಮದ್ದಿನ ಜೊತೆ ತಕ್ಕಡಿ, ಸ್ಕೇಲು ಮತ್ತು ಪಿಯುಸಿ ಗಣಿತದ ಮೇಷ್ಟ್ರನ್ನು ಒಯ್ಯುವುದು ಒಳ್ಳೆಯದು. ಹಳೇ ಬೇಟೆಯ ಅನುಭವ ಸಿಗಲಿ ಅಂತ ಸೀಸನ್ ಮಾಡಿ, ಆ ಸಣ್ಣ ಕೋವಿಗಳಿಂದ ಹಳೇ ಗುಂಡನ್ನೇ ಹೊರಗೆ ಹಾಕಿದರು.

ಇನ್ನು ಅದೇ ಕಾಡಿಗೆ ಅಕ್ಟೋಬರ್‌ನಲ್ಲಿ ಹೋಗಿ. ಈಗಿನ ರೈಫಲ್ ಹಿಡಿದವನಿಗೆ ಕನಿಷ್ಠ ಕ್ಯಾಲಿಬರ್ 24. ಎಲ್ಕ್‌ಗೆ 85 ಗ್ರೇನ್ ಗುಂಡು ಸಾಕು. ಹೌದು, ಅದರ ವೇಗ ಬೇರೆ, ಗೊತ್ತು. ಆದರೂ ಎಲ್ಕ್‌ನ ಕಡೆಯಿಂದ ಸ್ವಲ್ಪ ನೋಡಿ. ಸೆಪ್ಟೆಂಬರ್‌ನಲ್ಲಿ 45ಕ್ಕೆ ಜಗ್ಗದ ಜೀವ ಅಕ್ಟೋಬರ್‌ನಲ್ಲಿ 24ಕ್ಕೆ ಮಲಗಬೇಕು!

ಸರ್ಕಾರ ಚಾಪೆ ಕೆಳಗೆ ತೂರಿದರೆ ಕಂಪನಿ ರಂಗೋಲಿ ಕೆಳಗೆ ತೂರುತ್ತದೆ. 1985ರಲ್ಲಿ ಟೋನಿ ನೈಟ್ ಎಂಬ ಕೋವಿ ಕಸುಬಿನವರು ಎಂಕೆ-85 ಅನ್ನುವ ಕೋವಿ ತಂದರು. ಬಾಯಿಯಿಂದಲೇ ತುಂಬುವುದು, ತಕರಾರಿಲ್ಲ. ಆದರೆ ಕಿಡಿ ಹೊತ್ತುವ ಜಾಗ ಪಕ್ಕದಲ್ಲಿ ಇರದೆ ನಳಿಗೆಯ ನೇರ ಹಿಂದೆ ಬಂತು. ನೋಡಲೂ ಹಿಡಿಯಲೂ ಈಗಿನ ರೈಫಲ್ ಥರವೇ. ಆಮೇಲೆ ಎಲ್ಲ ಕಂಪನಿಗಳೂ ಅದೇ ದಾರಿ ಹಿಡಿದವು. ಮದ್ದು ಅಳೆದು ಸುರಿಯುವ ಕಷ್ಟ ಯಾಕೆ ಅಂತ ಅದನ್ನು ಮಾತ್ರೆ ಮಾಡಿದರು. ತಲೆನೋವಿಗೆ ನುಂಗುವ ಹಾಗೆ ಎರಡೋ ಮೂರೋ ಮಾತ್ರೆ ಹಾಕಿದರೆ ಆಯಿತು.

ಅದರ ಜೊತೆ ಸ್ಯಾಬೊ ಬಂತು. ಇದು ಗುಂಡಿಗೆ ತೊಡಿಸುವ ಪ್ಲಾಸ್ಟಿಕ್ ಅಂಗಿ. ಅಣ್ಣನ ಪ್ಯಾಂಟು ತಮ್ಮನಿಗೆ ದೊಗಲೆ ಆದಾಗ ಅಮ್ಮ ಸೊಂಟಕ್ಕೆ ಬಟ್ಟೆ ತುರುಕಿ ಬಿಗಿ ಮಾಡುತ್ತಿದ್ದಳಲ್ಲ, ಹಾಗೆ. 50ರ ನಳಿಗೆಯಲ್ಲಿ 45ರ ಪಿಸ್ತೂಲು ಗುಂಡು ಬಿಗಿಯಾಗಿ ಕೂರುತ್ತದೆ. ಬಾಯಿ ದಾಟಿದ ಕೂಡಲೇ ಅಂಗಿ ಕಳಚಿ ಬೀಳುತ್ತದೆ, ಪ್ರಾಣಿಗೆ ತಾಗುವುದು 45 ಮಾತ್ರ. ಕಾನೂನಿನ ಪುಸ್ತಕದಲ್ಲಿ ಅದು 50. ಅದೇ 45ರ ಗುಂಡನ್ನು, ಇನ್ನೂ ಭಾರದ್ದನ್ನೇ, 45ರ ನಳಿಗೆಯಿಂದ ಎಲ್ಕ್‌ಗೆ ಹೊಡೆದರೆ ಕೈಗೆ ಕೋಳ. ಇವರು ಅಳೆಯುತ್ತಿರುವುದು ಹೊರಗೆ ಬರುವ ಗುಂಡನ್ನಲ್ಲ, ಬರುವ ದಾರಿಯನ್ನು. ಬಾಗಿಲು ನೋಡಿ ಮಾವನ ಹೊಟ್ಟೆ ಅಳೆದ ಹಾಗೆ.

ಸರ್ಕಾರಗಳು ಬೆನ್ನಟ್ಟಿದವು. ಕೊಲೊರಾಡೊ ಆ ಸೀಸನ್ನಿನಲ್ಲಿ ಸ್ಯಾಬೊ ಬೇಡ, ಮಾತ್ರೆ ಬೇಡ, ದುರ್ಬೀನು ಬೇಡ ಅಂದಿತು. ಯೂಟಾ 2016ರಲ್ಲಿ ದೊಡ್ಡದಾಗಿ ತೋರಿಸುವ ದುರ್ಬೀನಿಗೆ ಸೈ ಅಂದು, 2024ರಲ್ಲಿ ವಾಪಸ್ ಕಿತ್ತುಕೊಂಡಿತು. ಎಂಟು ವರ್ಷದಲ್ಲಿ ಎಷ್ಟು ಜನ ದುಡ್ಡು ಹಾಕಿ ತಗೊಂಡಿದ್ದರೋ ಪಾಪ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆರೆಗಾನ್. ಅಲ್ಲಿ ಈ ಸೀಸನ್ನಿಗೆ ಕೇಪು ಅಥವಾ ಚಕಮಕಿ ಕಲ್ಲು ಸದಾ ಕಣ್ಣಿಗೆ ಕಾಣುತ್ತಿರಬೇಕು, ಗಾಳಿಮಳೆಗೆ ಒಡ್ಡಿಕೊಂಡಿರಬೇಕು, ಕೋವಿಯದೇ ಯಾವ ಭಾಗವೂ ಅದನ್ನು ಮುಚ್ಚಬಾರದು. ಆರೆಗಾನಿನ ಪಶ್ಚಿಮ ಭಾಗ ಅಂದರೆ ಹೆಚ್ಚುಕಡಿಮೆ ನಮ್ಮ ಆಗುಂಬೆಯ ನೆಂಟ, ಮಳೆ ಹಿಡಿದರೆ ಬಿಡುವುದಿಲ್ಲ. ಮಲೆನಾಡಿನ ರೈತ ತಾನು ನೆಂದರೂ ಕೋವಿಯಲ್ಲಿ ಕೇಪಿಗೆ ಬಡಿಯುವ ಕುದುರೆ ನೆನೆಯದಿರಲಿ ಅಂತ ಕಂಬಳಿ ಕೊಪ್ಪೆಯೊಳಗೆ ಸೇರಿಸಿಕೊಳ್ಳುತ್ತಿದ್ದ. ಕೋವಿ ನೆನೆಯಲೇಬೇಕು ಅಂತ ಕಾನೂನು ಬರೆದ ಸರ್ಕಾರ ಅವನು ಕನಸಲ್ಲೂ ಕಂಡಿರಲಿಕ್ಕಿಲ್ಲ.

ಪೆನ್ಸಿಲ್ವೇನಿಯಾ ಇನ್ನೂ ಒಂದು ಹೆಜ್ಜೆ ಹಿಂದೆ. ಅಲ್ಲಿ ಕ್ರಿಸ್‌ಮಸ್ ಮುಗಿದ ಮೇಲೆ ಚಕಮಕಿ ಕೋವಿಗೆ ಮಾತ್ರ ಒಂದು ಸೀಸನ್, 1974ರಿಂದ ನಡೆದು ಬಂದದ್ದು. ಕನಿಷ್ಠ 44. ಪಕ್ಕದವರ 40 ಇವರಿಗೆ ಕಿರಿದು, ಇನ್ನೊಬ್ಬರ 45 ಜಾಸ್ತಿ. ಹಿಮದಲ್ಲಿ ನಿಂತು ಕುದುರೆ ಬಿಟ್ಟರೆ ಕಲ್ಲು ಕಿಡಿ ಹಾರಿಸುತ್ತದೆ, ನಳಿಗೆಯ ಪಕ್ಕದ ಪುಟ್ಟ ಬಟ್ಟಲಿನ ಮದ್ದು ಭುಸ್ ಅನ್ನುತ್ತದೆ, ನಳಿಗೆ ಮೌನವ್ರತದಲ್ಲಿರುತ್ತದೆ. ಜಿಂಕೆ ತಿರುಗಿ ನೋಡುತ್ತದೆ. ಈ ಸೀಸನ್ನನ್ನು ನಾನು ಅಣಕಿಸುವುದಿಲ್ಲ. ಇದರಲ್ಲಿ ನಿಜಕ್ಕೂ ಜಿಂಕೆಗೊಂದು ಅವಕಾಶ ಇದೆ.

ಮಿಸಿಸಿಪ್ಪಿಗೆ ಬಂದರೆ ಎಲ್ಲ ಉಲ್ಟಾ. ಅಲ್ಲಿ ಇಂಥ ಸೀಸನ್ನಿಗೆ 'ಪ್ರಿಮಿಟಿವ್ ವೆಪನ್' ಸೀಸನ್ ಅಂತ ಹೆಸರು. ಅಂದರೆ ಆದಿಕಾಲದ ಆಯುಧ. ಕಲ್ಲುಕೊಡಲಿ ಜ್ಞಾಪಕ ಬಂದರೆ ನಿಮ್ಮ ತಪ್ಪಲ್ಲ. ಅವರ ಪ್ರಕಾರ ಆದಿಕಾಲದ ಪಟ್ಟಿಯಲ್ಲಿ ಹಿಂದಿನಿಂದ ತೋಟಾ ತುಂಬುವ ಒಂಟಿ ಗುಂಡಿನ ರೈಫಲ್ಲೂ ಇದೆ. ಕುದುರೆ ಹೊರಗೆ ಕಾಣಬೇಕು, ಕ್ಯಾಲಿಬರ್ ಕನಿಷ್ಠ 35 ಇರಬೇಕು, ಅಷ್ಟೇ. ಮೇಲೆ ದುರ್ಬೀನು ಬೇಕಾದರೂ ಹಾಕಿಕೊಳ್ಳಿ. ಹಾಗಾಗಿ 35ರ ವೀಲನ್ ತೋಟಾದ ರೈಫಲ್ ಅಲ್ಲಿ ಆರಾಮಾಗಿ ಒಳಗೆ ಬರುತ್ತದೆ. ಆ ತೋಟಾ ಹುಟ್ಟಿದ್ದು 1922ರಲ್ಲಿ. ಆದಿಮಾನವನ ಕಾಲ ಮುಗಿದು ನಮ್ಮ ಮುತ್ತಜ್ಜನ ಮದುವೆ ನಡೆಯುವ ಹೊತ್ತಿಗೆ. ಇದು ಈಗಿನ ರೈಫಲ್ ಅಲ್ವಾ ಅಂತ ಕೇಳಿದರೆ ಉತ್ತರ ಒಂದೇ: ಅಳಿಯ ಅಲ್ಲ, ಮಗಳ ಗಂಡ.

ರಾಜ್ಯಗಳು ಹೀಗೆ ಮಿಲಿಮೀಟರಿಗೆ ಬಡಿದಾಡುವಾಗ ದಿಲ್ಲಿಯಂಥ ವಾಷಿಂಗ್ಟನ್ ಏನನ್ನುತ್ತದೆ? 1968ರ ಅವರ ಬಂದೂಕು ಕಾಯ್ದೆಯ ಪ್ರಕಾರ, ತೋಟಾ ಹಾಕಲು ಬಾರದ ಈ ಬಾಯಿ ತುಂಬುವ ಕೋವಿ ಸಾಮಾನ್ಯವಾಗಿ ಬಂದೂಕೇ ಅಲ್ಲ. ಪುರಾತನ ವಸ್ತು. ಅಟ್ಟದ ಮೇಲಿನ ಹಿತ್ತಾಳೆ ಹಂಡೆ ಇದ್ದ ಹಾಗೆ. 300 ಕಿಲೋದ ಎಲ್ಕ್ ಬೀಳುತ್ತದೆ, ಬೀಳಿಸಿದ್ದು ಮಾತ್ರ ಬಂದೂಕಲ್ಲ.

2020ರಲ್ಲಿ ಇನ್ನೂ ಒಂದು ತಮಾಷೆ ಬಂತು. ಫೈರ್‌ಸ್ಟಿಕ್ ಅಂತ. ಮದ್ದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಮೊಹರು ಮಾಡಿದ್ದಾರೆ. ಗುಂಡು ಬಾಯಿಯಿಂದ ಹೋಗುತ್ತದೆ, ಮದ್ದಿನ ಡಬ್ಬಿ ಹಿಂದಿನಿಂದ. ಈಗ ಇದು ಬಾಯಿ ತುಂಬುವ ಕೋವಿಯೋ ಅಲ್ಲವೋ? ಕೆಲವು ರಾಜ್ಯ ಹೌದು ಅಂದವು, ಕೆಲವು ಇಲ್ಲ ಅಂದವು. ಅರ್ಧ ಬಾಯಿ ಅನ್ನುವ ವರ್ಗ ಇನ್ನೂ ಯಾರಿಗೂ ಹೊಳೆದಿಲ್ಲ.

ಈ ಗದ್ದಲದಲ್ಲಿ ಅಲಾಸ್ಕಾದ ನಿಯಮ ಓದಿ ಆಶ್ಚರ್ಯವಾಯಿತು. ಗ್ರಿಜ್ಲಿ ಕರಡಿಗೆ 54ರ ಕೋವಿ ಬೇಕು. ಇಲ್ಲವಾದರೆ 45 ಆದರೂ ಸರಿ, ಆದರೆ ಉದ್ದನೆಯ ಗುಂಡು ಕನಿಷ್ಠ 250 ಗ್ರೇನ್ ತೂಗಬೇಕು. ತೂತು ಕಿರಿದಾದರೆ ತೂಕ ಹಿರಿದಾಗಲಿ, ಎರಡರಲ್ಲಿ ಒಂದು. ಇಷ್ಟು ಸರಳ ಮಾತು ಇವರಿಗೆ ಹೇಗೆ ಹೊಳೆಯಿತು ಅಂತ ಸ್ವಲ್ಪ ಹೊತ್ತು ಯೋಚಿಸಿದೆ. ಕೊಲೊರಾಡೊದ ಎಲ್ಕ್ ಗುಂಡು ಸಾಲದಿದ್ದರೆ ಓಡಿಹೋಗುತ್ತದೆ. ಅಲಾಸ್ಕಾದಲ್ಲಿ ಲೆಕ್ಕ ತಪ್ಪಿದರೆ ಕರಡಿ ಖುದ್ದು ತಿದ್ದಲು ಬರುತ್ತದೆ.