ಬೇಕಾಗಿದ್ದಾರೆ: ಬೇರೆ ಕಡೆ ಸೋತು ಅನುಭವ ಇರುವ ಮ್ಯಾನೇಜರ್

ನಮ್ಮೂರ ಕ್ಲಬ್ಬಿನ ಫುಟ್‌ಬಾಲ್ ಟೀಮಿಗೆ ಹೊಸ ಮ್ಯಾನೇಜರ್ ಬೇಕು. ನಮ್ಮೂರು ಅಂದರೆ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ, ಬಸ್ಸು ನಿಂತರೂ ನಿಲ್ಲದಿದ್ದರೂ ಯಾರಿಗೂ ನಷ್ಟವಿಲ್ಲದ ಒಂದು ಸ್ಟಾಪು. ಅಲ್ಲೊಂದು ಚಹಾದಂಗಡಿ, ಅದರ ಮಾಳಿಗೆಯಲ್ಲಿ ಕ್ಲಬ್ಬು. ಬೋರ್ಡಿನಲ್ಲಿ ಕನ್ನಡ, ಮಲಯಾಳ ಎರಡೂ ಉಂಟು. ಎರಡರಲ್ಲೂ ಒಂದೊಂದು ಅಕ್ಷರ ತಪ್ಪಿದೆ. ಹಾಗಾಗಿ ಭಾಷಾ ತಾರತಮ್ಯದ ದೂರು ಈವರೆಗೆ ಬಂದಿಲ್ಲ.

ಹಳೆಯ ಮ್ಯಾನೇಜರ್ ಕಳೆದ ಸೀಸನ್ನಿಗೇ ಹೋದರು. ಹೋದರು ಅಂದರೆ ನಾವೇ ಕಳಿಸಿದ್ದು. ಕೊಯ್ಲಾದ ಗದ್ದೆಯಲ್ಲಿ ಸೆವೆನ್ಸ್, ಅಂದರೆ ಏಳೇಳು ಜನರ ಫುಟ್‌ಬಾಲ್ ಆಡಿ ಮೊದಲ ಸುತ್ತಿನಲ್ಲೇ ಸೋತಿದ್ದೆವು. ಆಡಿದ ಏಳು ಜನರಲ್ಲಿ ಮೂವರು ಅಧ್ಯಕ್ಷರು ಹೇಳಿದವರು, ಇಬ್ಬರು ಖಜಾಂಚಿಯ ಕಡೆಯವರು, ಒಬ್ಬ ಜೆರ್ಸಿ ಕೊಡಿಸಿದ ಅಂಗಡಿಯವರ ಮಗ. ಉಳಿದ ಒಬ್ಬನನ್ನು ಮ್ಯಾನೇಜರೇ ಆರಿಸಿದ್ದರು. ಸೋಲಿನ ಪೂರ್ತಿ ಹೊಣೆ ಮ್ಯಾನೇಜರದ್ದೇ ಎಂದು ಕಮಿಟಿ ಒಮ್ಮತದಿಂದ ತೀರ್ಮಾನಿಸಿತು. ಒಮ್ಮತ ಸಿಕ್ಕಿದ್ದು ಕ್ಲಬ್ಬಿನ ಇತಿಹಾಸದಲ್ಲಿ ಅದೇ ಮೊದಲು.

ಹೊಸಬರನ್ನು ಆರಿಸುವ ಸಭೆಗೆ ನಾನೂ ಹೋಗಿದ್ದೆ. ಗೋಳಿಬಜೆ ಇತ್ತು, ಸುಳ್ಳು ಹೇಳುವುದಿಲ್ಲ.

"ಈ ಸಲ ಅನುಭವ ಇರುವವರೇ ಬೇಕು" ಎಂದರು ಅಧ್ಯಕ್ಷರು.

"ಬೇಡ ಅಣ್ಣ, ಹೊಸಬರು ಬರಲಿ" ಎಂದ ಕಾರ್ಯದರ್ಶಿ. ಅವನ ಕಡೆಯ ಹುಡುಗನೊಬ್ಬ ಮೊಬೈಲ್ ಗೇಮಿನಲ್ಲಿ ಮ್ಯಾನೇಜರ್ ಆಗಿ ಮೂರು ಸಲ ಯುರೋಪನ್ನೇ ಗೆದ್ದಿದ್ದಾನಂತೆ. ಅಧ್ಯಕ್ಷರ ಕಡೆಯವರು ಯಕ್ಷಗಾನ ಮೇಳವೊಂದರಲ್ಲಿ ಹತ್ತು ವರ್ಷ ಮ್ಯಾನೇಜರ್ ಆಗಿದ್ದವರು. ಮ್ಯಾನೇಜರ್ ಅಂದ ಮೇಲೆ ಮ್ಯಾನೇಜರೇ ಅಲ್ವಾ? ಬಣ್ಣದ ವೇಷದವರ ಸಿಟ್ಟು ಸಹಿಸಿದವರಿಗೆ ಸೆಂಟರ್ ಫಾರ್ವರ್ಡ್ ಯಾವ ಲೆಕ್ಕ!

ಈ ಅನುಭವ ಎಂಬ ಮಾತೇ ನನಗೆ ಚೋದ್ಯ. ಮದುವೆಗೆ ಅಡುಗೆಯವರನ್ನು ಗೊತ್ತು ಮಾಡುವಾಗ "ಇದುವರೆಗೆ ಎಷ್ಟು ಮದುವೆಯಲ್ಲಿ ಸಾರು ಹಳಸಿದೆ?" ಎಂದು ಕೇಳಿ, ಜಾಸ್ತಿ ಹಳಸಿದವರಿಗೆ ಅಡ್ವಾನ್ಸ್ ಕೊಡುವುದಿಲ್ಲ. ಫುಟ್‌ಬಾಲಿನಲ್ಲಿ ಕೊಡುತ್ತಾರೆ. ನಾಲ್ಕು ಕ್ಲಬ್ಬಿನಿಂದ ಹೊರಗೆ ಹಾಕಿಸಿಕೊಂಡವರು ಅನುಭವಿ. ಯಾರೂ ಹೊರಗೆ ಹಾಕದವನು ಪಾಪ, ಏನೂ ಗೊತ್ತಿಲ್ಲದವನು.

ಇಂಗ್ಲೆಂಡಿನ ದೊಡ್ಡ ಕ್ಲಬ್ಬು ಮ್ಯಾಂಚೆಸ್ಟರ್ ಯುನೈಟೆಡ್‌ನವರಿಗೂ ಇದೇ ಮಂಡೆಬಿಸಿ. ಫರ್ಗುಸನ್ 26 ವರ್ಷ ಕೂತ ಕುರ್ಚಿಗೆ 2013ರಲ್ಲಿ ಡೇವಿಡ್ ಮೊಯೆಸ್ ಬಂದರು. ಎವರ್ಟನ್‌ನಲ್ಲಿ 11 ವರ್ಷದ ಅನುಭವ. ಒಪ್ಪಂದ 6 ವರ್ಷಕ್ಕೆ. ಹತ್ತು ತಿಂಗಳಿಗೆ ಮನೆಗೆ. ಅನುಭವದ ಗತಿ ಇದು ಎಂದು ಕಾರ್ಯದರ್ಶಿ ಕುಣಿದ. ಆಗ ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ಇಚ್ಚ ಫೋನು ತೆಗೆದು ಇಟಲಿಯ ಹಳೆಯ ಆಟಗಾರ ಪಿರ್ಲೋ ಕಥೆ ಓದಿದರು. 2020ರ ಜುಲೈ ಕೊನೆಗೆ ಅಲ್ಲಿನ ಯುವೆಂಟಸ್ ಕ್ಲಬ್ಬು ಅವರನ್ನು ಕಿರಿಯರ ತಂಡಕ್ಕೆ ಕೋಚ್ ಮಾಡಿತು. ಹತ್ತು ದಿನ ಕಳೆಯುವ ಮೊದಲೇ ದೊಡ್ಡ ತಂಡಕ್ಕೆ ಬಡ್ತಿ. ಮಧ್ಯೆ ಒಂದೇ ಒಂದು ಪಂದ್ಯ ನಡೆಸಿರಲಿಲ್ಲ. ಸತತ 9 ಸಲ ಇಟಲಿ ಲೀಗ್ ಗೆದ್ದಿದ್ದ ತಂಡ ನಾಲ್ಕನೇ ಸ್ಥಾನಕ್ಕೆ ಬಂತು. ಒಂದೇ ಸೀಸನ್ನಿಗೆ ಅವರೂ ಮನೆಗೆ.

"ಹಾಗಾದರೆ ಗ್ವಾರ್ಡಿಯೋಲಾ?" ಎಂದ ಕಾರ್ಯದರ್ಶಿ. ನ್ಯಾಯವೇ. 2008ರಲ್ಲಿ ಬಾರ್ಸಿಲೋನಾ ಕ್ಲಬ್ಬು ಕೋಚ್ ಆಗಲು ಕರೆದಾಗ ಆ ಮನುಷ್ಯನ ಅನುಭವ ಎಂದರೆ, ಸ್ಪೇನಿನ ನಾಲ್ಕನೇ ದರ್ಜೆಯಲ್ಲಿ ಅದರದೇ ಬಿ ಟೀಮನ್ನು ಒಂದು ವರ್ಷ ನಡೆಸಿದ್ದು ಅಷ್ಟೇ. ಮರುವರ್ಷ ಮೂರು ದೊಡ್ಡ ಕಪ್ಪು ಬಂತು. ಅದೇ ಗ್ವಾರ್ಡಿಯೋಲಾ ಆ ವರ್ಷ ನಮ್ಮ ಮಾಳಿಗೆ ಹತ್ತಿ ಬಂದಿದ್ದರೆ ಅಧ್ಯಕ್ಷರು "ಒಂದೆರಡು ವರ್ಷ ಎಲ್ಲಿಯಾದರೂ ಸೋತು ಬಾ ಮಾರಾಯ" ಎಂದು ಚಹಾ ಕುಡಿಸಿ ಕಳಿಸುತ್ತಿದ್ದರು.

ಗ್ವಾರ್ಡಿಯೋಲಾ ಹೆಸರು ಬಂದ ಮೇಲೆ ದೆಹಲಿಯ ಕಥೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. 2025ರ ಜುಲೈಯಲ್ಲಿ ಭಾರತ ತಂಡಕ್ಕೆ ಕೋಚ್ ಬೇಕಾಗಿತ್ತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್‌ಗೆ 170 ಅರ್ಜಿ ಬಂತು. ಅದರಲ್ಲಿ ಕ್ಸಾವಿ ಹೆಸರು! 2010ರ ವಿಶ್ವಕಪ್ ಗೆದ್ದ, ಬಾರ್ಸಿಲೋನಾಕ್ಕೆ ಕೋಚೂ ಆಗಿದ್ದ ಅದೇ ಕ್ಸಾವಿ. ಅವರಿಗೆ ಕೊಡುವಷ್ಟು ದುಡ್ಡು ಎಲ್ಲಿಂದ ತರುವುದು ಎಂಬ ಮಾತೂ ಪತ್ರಿಕೆಯಲ್ಲಿ ಬಂತು. ಬಡವರ ಮನೆಗೆ ರಾಜಕುಮಾರಿಯ ಜಾತಕ ಬಂದ ಹಾಗೆ. ಆಮೇಲೆ ಫೆಡರೇಶನ್ನೇ ಹೇಳಿಕೆ ಕೊಟ್ಟಿತು: ಕ್ಸಾವಿಯದ್ದೂ ಗ್ವಾರ್ಡಿಯೋಲಾದ್ದೂ ಇಮೇಲಿನಲ್ಲಿ ಬಂದ ಅರ್ಜಿ, ಎರಡೂ ಅಸಲಿ ಅಲ್ಲ. ಕಳಿಸಿದ್ದು ನಾನೇ ಎಂದು 19 ವರ್ಷದ ಕಾಲೇಜು ಹುಡುಗನೊಬ್ಬ ಹೇಳಿಕೊಂಡದ್ದೂ ಸುದ್ದಿಯಾಯಿತು.

ನಮ್ಮಲ್ಲಿ ರೇಷನ್ ಕಾರ್ಡಿಗೆ ಸೊಸೆಯ ಹೆಸರು ಸೇರಿಸಬೇಕಾದರೆ ಸರಕಾರಿ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಆಧಾರ್ ಕೇಳುತ್ತಾರೆ, ಒಟಿಪಿ ಕೇಳುತ್ತಾರೆ, ನಂತರ ಸರ್ವರ್ ಇಲ್ಲ, ನಾಳೆ ಬನ್ನಿ ಎನ್ನುತ್ತಾರೆ. ಕ್ಸಾವಿಗೆ ಅಷ್ಟೂ ಕಷ್ಟ ಇರಲಿಲ್ಲ ನೋಡಿ. ಆ 170 ಅರ್ಜಿಯನ್ನು ಅಕ್ಷಯದ ಹುಡುಗಿಯ ಕೈಗೆ ಕೊಟ್ಟಿದ್ದರೆ ಚಹಾ ಆರುವ ಮೊದಲು ಬೇರೆ ಮಾಡಿ ಇಡುತ್ತಿದ್ದಳು.

ಕೊನೆಗೆ ಆಗಸ್ಟಿನಲ್ಲಿ ಖಾಲಿದ್ ಜಮೀಲ್ ಆಯ್ಕೆಯಾದರು. 2017ರಲ್ಲಿ ಮಿಜೋರಾಮಿನ ಐಜಾಲ್ ತಂಡಕ್ಕೆ ಐ ಲೀಗ್ ಗೆಲ್ಲಿಸಿಕೊಟ್ಟವರು. ಇವರ ಆಯ್ಕೆಗೆ ನಮ್ಮ ಮಾಳಿಗೆಯಲ್ಲಿ ಯಾರದೂ ತಕರಾರಿಲ್ಲ. ಅವರು ಹುಟ್ಟಿದ್ದು ಕುವೈತಿನಲ್ಲಿ. ಕುವೈತ್ ಅಂದ ಮೇಲೆ ಕಾಸರಗೋಡಿಗೆ ಹತ್ತಿರವೇ. ಇಚ್ಚನಿಗಂತೂ ತಿರುವನಂತಪುರಕ್ಕಿಂತ ಹತ್ತಿರ.

ಇಷ್ಟಾಗುವಾಗ ಮಾಷ್ಟ್ರು ಒಂದು ಸರಿಯಾದ ಪ್ರಶ್ನೆ ಕೇಳಿದರು. ಅವರು ನಿವೃತ್ತರು, ಸರಿಯಾದ ಪ್ರಶ್ನೆ ಕೇಳುವುದು ಅವರ ಕೆಟ್ಟ ಅಭ್ಯಾಸ. "ಟೀಮಿನಲ್ಲಿ ತುಳುವಿನವರಿದ್ದಾರೆ, ಮಲಯಾಳದವರಿದ್ದಾರೆ, ಬ್ಯಾರಿ ಭಾಷೆಯವರಿದ್ದಾರೆ. ಆಫ್ರಿಕಾದವನನ್ನು ಒಬ್ಬ ಕರೆಸುವ ಅಂತ ಬೇರೆ ಹೇಳ್ತೀರಿ. ಬರುವವರಿಗೆ ಭಾಷೆ ಗೊತ್ತಿರಬೇಡವಾ?"

"ಎಂತ ಮಾಷ್ಟ್ರೇ, ಕನ್ನಡ ಶಾಲೆಗೇ ಕನ್ನಡ ಬಾರದವರನ್ನು ಪಾಠಕ್ಕೆ ಹಾಕುವ ಜಿಲ್ಲೆ ಇದು. ಫುಟ್‌ಬಾಲಿಗೆ ಭಾಷೆ ಯಾಕೆ?" ಎಂದರು ಅಧ್ಯಕ್ಷರು. ಮಾಷ್ಟ್ರು ಗೋಳಿಬಜೆ ಕೆಳಗಿಟ್ಟರು. ಅದಕ್ಕೆ ಉತ್ತರ ಇಲ್ಲ.

ಕೊಚ್ಚಿಯ ಕ್ಲಬ್ಬು ಕೇರಳ ಬ್ಲಾಸ್ಟರ್ಸ್ ಮಾತೂ ಬಂತು. ಅದು ನಮ್ಮ ಮಾಳಿಗೆಯಲ್ಲಿ ಎತ್ತಬಾರದ ಮಾತು. ಅರ್ಧ ಜನ ಬೆಂಗಳೂರಿನ ಕಡೆ, ಅರ್ಧ ಜನ ಕೊಚ್ಚಿಯ ಕಡೆ, ಸಾಲದ ವಿಷಯದಲ್ಲಿ ಮಾತ್ರ ಎಲ್ಲರೂ ಒಂದೇ ಕಡೆ. 2014ರಲ್ಲಿ ಡೇವಿಡ್ ಜೇಮ್ಸ್ ತಾನೇ ಗೋಲ್ ಕಾಯುತ್ತಾ ತಾನೇ ಮ್ಯಾನೇಜರೂ ಆಗಿ ಟೀಮನ್ನು ಫೈನಲಿಗೆ ಮುಟ್ಟಿಸಿದ್ದರು. ಅದೇ ಜೇಮ್ಸ್ 2018ರಲ್ಲಿ ಅನುಭವಿಯಾಗಿ ಮತ್ತೆ ಬಂದರು. ವರ್ಷ ತುಂಬಲಿಲ್ಲ. ಆ ಮೇಲೆ ಬಂದವರನ್ನು ಎಣಿಸಲು ಒಂದು ಕೈಯ ಬೆರಳು ಸಾಲದು. ಅಭಿಮಾನಿಗಳು ಮಾತ್ರ ಅವರೇ. ಅವರನ್ನು ಯಾರೂ ಬದಲಿಸಿಲ್ಲ.

"ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಿದರೆ ಹೇಗೆ?" ಎಂದರು ಯಾರೋ. ಅಷ್ಟಮಂಗಲ ಆಗದಿದ್ದರೆ ತಾಂಬೂಲ ಪ್ರಶ್ನೆಯಾದರೂ. ನಗಬೇಡಿ. ಭಾರತ ತಂಡದಲ್ಲಿ ಯಾರು ಆಡಬೇಕು ಎಂದು ಆಗಿನ ಕೋಚ್ ಇಗೊರ್ ಸ್ಟಿಮಾಚ್ ಜ್ಯೋತಿಷಿಯನ್ನು ಕೇಳುತ್ತಿದ್ದರು ಎಂದು 2023ರಲ್ಲಿ ಪತ್ರಿಕೆಯೇ ಬರೆದಿತ್ತು. ಫೀಸು ಲಕ್ಷಗಳಲ್ಲಂತೆ. ಛೇ, ಸುಮ್ನೆ ಖರ್ಚು. ನಮ್ಮ ಕಡೆ ಬಂದಿದ್ದರೆ ಬೆಳಗಿನ ಬಸ್ಸಿನಲ್ಲೇ ಕವಡೆ ಹಿಡಿದವರು ಇಬ್ಬರು ಸಿಗುತ್ತಿದ್ದರು. ಎಲ್ಲರಿಗೂ ಸರಿ ಕಂಡಿತು. ಖಜಾಂಚಿ ಒಬ್ಬರೇ ಬಿಳುಚಿದರು. "ಪ್ರಶ್ನೆ ಬೇಡ. ಅದರಲ್ಲಿ ಹಳೆಯದೆಲ್ಲ ಕಾಣ್ತದೆ. ಯಾರದ್ದೋ ಕಣ್ಣೀರು, ಯಾರದ್ದೋ ಬಾಕಿ..." ಹಿಂದಿನ ಮೂವರು ಮ್ಯಾನೇಜರುಗಳಿಗೆ ಕೊಡಲು ಬಾಕಿ ಇರುವುದು ನಮಗೆಲ್ಲ ನೆನಪಾಯಿತು. ವಿಷಯ ಅಲ್ಲಿಗೇ ಬಿಟ್ಟೆವು.

ಕಮಿಟಿಗೆ ಎಷ್ಟು ಅನುಭವ ಉಂಟು ಎಂದು ನಾನು ಮೆಲ್ಲಗೆ ಕೇಳಿದೆ. ಹದಿನೆಂಟು ವರ್ಷ ಎಂದರು. ಕಪ್ಪು? ಒಂದು ಉಂಟಂತೆ. ಕೇರಂನಲ್ಲಿ.

ಕತ್ತಲಾಯಿತು. ಚಹಾದಂಗಡಿಯವರು ಬಾಗಿಲು ಹಾಕುತ್ತೇನೆ ಎಂದು ಕೆಳಗಿನಿಂದ ಬೊಬ್ಬೆ ಹಾಕಿದರು. ಆಗ ಅಧ್ಯಕ್ಷರಿಗೆ ಒಂದು ಹೊಳೆಯಿತು. ಹಳೆಯ ಮ್ಯಾನೇಜರನ್ನೇ ಕರೆಯುವುದು! ಹೋಗುವಾಗ ಅವರಿಗೆ ಅನುಭವ ಕಡಿಮೆ ಇತ್ತು, ಸರಿ. ಈಗ ನಾವು ಹೊರಗೆ ಹಾಕಿದ ಅನುಭವವೂ ಸೇರಿತಲ್ಲ. ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು.

"ನಮಸ್ಕಾರ ಅಧ್ಯಕ್ಷರೇ" ಎಂದರು ಅವರು, ತುಂಬ ಖುಷಿಯಲ್ಲಿ. "ಒಳ್ಳೇ ಹೊತ್ತಿಗೆ ಮಾಡಿದಿರಿ. ನಾನೀಗ ಇಲ್ಲಿ ಇನ್ನೊಂದು ಕ್ಲಬ್ಬಿನ ಕಮಿಟಿಯಲ್ಲಿದ್ದೇನೆ. ಮ್ಯಾನೇಜರ್ ಹುಡುಕ್ತಾ ಇದ್ದೇವೆ. ನಿಮ್ಮಲ್ಲಿ ಅನುಭವ ಇರುವವರು ಯಾರಾದರೂ ಉಂಟಾ?"

ಅಧ್ಯಕ್ಷರು ಒಂದು ಗಳಿಗೆ ನಮ್ಮ ಮುಖ ನೋಡಿದರು. ಆಮೇಲೆ ಸ್ಪೀಕರ್ ಆಫ್ ಮಾಡಿ, ಕಿಟಕಿಯ ಹತ್ತಿರ ಹೋಗಿ, ದನಿ ತಗ್ಗಿಸಿ ಕೇಳಿದರು: "ಎಷ್ಟು ಕೊಡ್ತೀರಿ?"