ಮಿಂಟ್ ಅಷ್ಟೇ ಮೇಡಂ

ಸಿಗರೇಟಿಗೆ ಪುದೀನ, ಲವಂಗ, ಪಾನ್, ಹಣ್ಣಿನ ರುಚಿ ಸೇರಿಸಿ ಮಾರುವುದನ್ನು ನಮ್ಮ ದೇಶದಲ್ಲಿ ನಿಲ್ಲಿಸಬೇಕು. ತೆರಿಗೆ ಏರಿಸಲಿ, ದಂಡ ಹೆಚ್ಚಿಸಲಿ, ಎಲ್ಲ ಬೇಕು. ಆದರೆ ಹದಿಹರೆಯದವರ ಗಂಟಲಿಗೆ ಹೊಗೆ ಇಳಿಯುವಂತೆ ಮಾಡುವುದೇ ಈ ರುಚಿ. ಅದನ್ನು ಮುಟ್ಟದೆ ಉಳಿದದ್ದೆಲ್ಲ ಮಾಡುತ್ತಿದ್ದೇವೆ.

ನಾನು ದಂತವೈದ್ಯೆ. ದಾವಣಗೆರೆಯಲ್ಲಿ, ಕಾಲೇಜುಗಳಿಗೆ ಹತ್ತಿರದಲ್ಲೇ ನನ್ನ ಕ್ಲಿನಿಕ್. ಬಾಯಿ ತೆರೆದರೆ ಬಹಳಷ್ಟು ಸಲ ನಮಗೆ ಗೊತ್ತಾಗಿಬಿಡುತ್ತದೆ. ಕೆಳಗಿನ ಮುಂಬಲ್ಲುಗಳ ಒಳಬದಿಯಲ್ಲಿ ಕಂದು ಕಲೆ, ಬಿಳಿಚಿಕೊಂಡ ಅಂಗುಳು. "ಸಿಗರೇಟು ಸೇದ್ತೀಯೇನಪ್ಪ?" ಅಂದರೆ ಮೊದಲು "ಇಲ್ಲ ಮೇಡಂ". ಇನ್ನೊಮ್ಮೆ ಕೇಳಿದರೆ "ಯಾವಾಗಾದ್ರೂ ಫ್ರೆಂಡ್ಸ್ ಜೊತೆ". ಆಮೇಲೆ ಬರುವ ಮಾತು ಇದು: "ಮಿಂಟ್ ಅಷ್ಟೇ ಮೇಡಂ, ಅದೇನು ಸ್ಟ್ರಾಂಗ್ ಇರಲ್ಲ." ಹುಡುಗಿಯರೂ ಇದನ್ನೇ ಹೇಳುತ್ತಾರೆ, ಇನ್ನೂ ಮೆಲ್ಲಗೆ.

ಈ ನಂಬಿಕೆ ಮಕ್ಕಳ ತಲೆಯಲ್ಲಿ ತಾನಾಗಿ ಹುಟ್ಟಿದ್ದಲ್ಲ. ಹಾಗೆ ಅನ್ನಿಸಲಿ ಅಂತಲೇ ಆ ವಸ್ತುವನ್ನು ಮಾಡಿದ್ದಾರೆ. ಈಗ ಕಾಂಡಿಮೆಂಟ್ಸ್‌ನಲ್ಲಿ ಹುಡುಗರು ಕೇಳಿ ಕೊಳ್ಳುವ ಸಿಗರೇಟುಗಳಲ್ಲಿ ಫಿಲ್ಟರಿನ ಮೇಲೆ ಸಣ್ಣದೊಂದು ಗುರುತಿರುತ್ತದೆ. ಅದರ ಕೆಳಗೆ ಕೊತ್ತಂಬರಿ ಕಾಳಿನಷ್ಟಿರುವ ಗುಳಿಗೆ. ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿದರೆ ಟಕ್ ಅಂತ ಒಡೆದು ಒಳಗಿನ ದ್ರವ ಫಿಲ್ಟರಿಗೆ ಹರಡುತ್ತದೆ, ಮುಂದಿನ ದಮ್ಮಿನಿಂದಲೇ ರುಚಿ ಬೇರೆ. ಕೆಲವದರಲ್ಲಿ ಎರಡು ಗುಳಿಗೆ, ಎರಡು ರುಚಿ. ಯಾವಾಗ ಒಡೆಯಬೇಕು ಅನ್ನುವುದು ಸೇದುವವರ ಕೈಯಲ್ಲಿ. ಹದಿನೆಂಟು ಹತ್ತೊಂಬತ್ತರ ಹುಡುಗನಿಗೆ ಇದು ಆಟ. ಆ ಟಕ್ ಸದ್ದು ಕೇಳಿಸಿಕೊಳ್ಳೋಕೆ ಮೊದಲ ಸಲ ಕೈಗೆ ತೆಗೆದುಕೊಂಡೆ ಅಂದವರಿದ್ದಾರೆ.

ಈ ಮಿಂಟ್ ರುಚಿಯಲ್ಲಿ ತಂಪು ಅನ್ನಿಸುವಂತೆ ಮಾಡುವ ವಸ್ತು ಮೆಂಥಾಲ್. ಅದು ಮಾಡುವ ಕೆಲಸ ಸ್ವಲ್ಪ ಬಿಡಿಸಿ ಹೇಳಬೇಕು. ಚಳಿಯನ್ನು ಗುರುತಿಸುವ ನರಗಳ ತುದಿಯಲ್ಲಿ ಒಂದು ಗ್ರಾಹಕ, ಅಂದರೆ ತಂಪನ್ನು ಹಿಡಿದು ಸುದ್ದಿ ಕಳಿಸುವ ರಿಸೆಪ್ಟರ್, ಇದೆ. ಮೆಂಥಾಲ್ ಅದನ್ನು ನೇರವಾಗಿ ಕೆರಳಿಸುತ್ತದೆ. ಗಂಟಲು ನಿಜವಾಗಿ ತಣ್ಣಗಾಗಿರುವುದಿಲ್ಲ, ತಣ್ಣಗಾಯಿತು ಅಂತ ಮೆದುಳಿಗೆ ಸುದ್ದಿ ಹೋಗುತ್ತದೆ ಅಷ್ಟೆ. (2021ರಲ್ಲಿ ನೊಬೆಲ್ ಪಡೆದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಬೇರೆ ಬೇರೆಯಾಗಿ ಕೆಲಸ ಮಾಡಿ, ಮೆಂಥಾಲ್ ಬಳಸಿಯೇ ಈ ಗ್ರಾಹಕವನ್ನು ಪತ್ತೆ ಮಾಡಿದ್ದರು.) ಮೊದಲ ಸಲ ಸೇದಿದವರಿಗೆ ಕೆಮ್ಮು ಒತ್ತರಿಸಿ ಬರುತ್ತದಲ್ಲ, ಅದು ದೇಹ ಹಾಕುವ ತಡೆ. ಎಷ್ಟೋ ಜನ ಅಲ್ಲಿಗೇ ನಿಲ್ಲಿಸುತ್ತಾರೆ. ಮೆಂಥಾಲ್ ಆ ತಡೆಯನ್ನು ತೆಗೆಯುತ್ತದೆ. ಉರಿ ಗೊತ್ತಾಗದ್ದಕ್ಕೆ ದಮ್ ಆಳಕ್ಕೆ ಹೋಗುತ್ತದೆ, ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮೆದುಳು ಸೇರುತ್ತದೆ. ಇಷ್ಟಕ್ಕೇ ಮುಗಿಯಲಿಲ್ಲ. ದೇಹ ನಿಕೋಟಿನ್ ಅನ್ನು ಕರಗಿಸಿ ಹೊರಹಾಕುವ ವೇಗವನ್ನೂ ಮೆಂಥಾಲ್ ತಗ್ಗಿಸುತ್ತದೆ ಅಂತ ಸಂಶೋಧನೆಗಳಲ್ಲಿ ಕಂಡಿದೆ. ಸ್ಟ್ರಾಂಗ್ ಇರಲ್ಲ ಅಂತ ಅನ್ನಿಸೋದು ನಾಲಿಗೆಗೆ ಮಾತ್ರ.

ಚಟ ಎಷ್ಟು ಹಿಡಿದಿದೆ ಅಂತ ತಿಳಿಯೋಕೆ ನಾವು ಕೇಳುವ ಒಂದು ಪ್ರಶ್ನೆ ಇದೆ: ಬೆಳಗ್ಗೆ ಎದ್ದು ಎಷ್ಟೊತ್ತಿಗೆ ಮೊದಲ ಸಿಗರೇಟು? ದಿನಕ್ಕೆ ಎಷ್ಟು ಅನ್ನುವುದಕ್ಕಿಂತ ಇದು ಹೆಚ್ಚು ಹೇಳುತ್ತದೆ. "ಮಿಂಟ್ ಅಷ್ಟೇ" ಅಂದ ಹುಡುಗನಿಗೂ ಕೇಳಿ ನೋಡಿ. ಹಾಸ್ಟೆಲಿನ ಬಾತ್‌ರೂಮಿಗೆ ಹೋಗುವಾಗಲೇ ಒಂದು ಬೇಕು ಅನ್ನುತ್ತಾನೆ. ಅಮೆರಿಕದಲ್ಲಿ ಆಹಾರ, ಔಷಧ, ತಂಬಾಕಿನ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2013ರಲ್ಲಿ ಲಭ್ಯ ಅಧ್ಯಯನಗಳನ್ನೆಲ್ಲ ತೂಗಿ ನೋಡಿ ಹೇಳಿದ್ದು ಇದನ್ನೇ. ಮೆಂಥಾಲ್‌ನಿಂದ ಸಿಗರೇಟು ಶುರು ಮಾಡುವವರು ಹೆಚ್ಚುತ್ತಾರೆ, ಅವಲಂಬನೆ ಗಟ್ಟಿಯಾಗುತ್ತದೆ, ಬಿಡುವ ಪ್ರಯತ್ನ ಸೋಲುವುದು ಜಾಸ್ತಿ.

ಬಿಡುವುದು ಯಾಕೆ ಕಷ್ಟ ಅನ್ನುವುದಕ್ಕೆ ನನ್ನ ಕ್ಲಿನಿಕ್ಕಿನಲ್ಲೇ ಒಂದು ಉತ್ತರ ಸಿಕ್ಕಿತು. ಡಿಪ್ಲೊಮಾ ಓದುವ ಹುಡುಗ. ಸಿಗರೇಟು ನಿಲ್ಲಿಸಿ ಕೆಲವು ದಿನ ಚೆನ್ನಾಗಿಯೇ ಇದ್ದ. ವಾಪಸ್ ಬಂದಾಗ ಮುಖ ಸಪ್ಪೆ. "ಬೆಳಗ್ಗೆ ಹಲ್ಲುಜ್ಜಿದ ತಕ್ಷಣ ತಡೆಯೋಕಾಗಲ್ಲ ಮೇಡಂ" ಅಂದ. ಯಾವ ಪೇಸ್ಟು ಅಂತ ಕೇಳಿದೆ. ಪುದೀನದ್ದು. ಬಾಯಿ ತಣ್ಣಗಾಗುವುದಕ್ಕೂ ನಿಕೋಟಿನ್ ಸಿಗುವುದಕ್ಕೂ ಅವನ ಮೆದುಳು ನಂಟು ಹಾಕಿಕೊಂಡಿತ್ತು. ಪೇಸ್ಟು, ಚ್ಯೂಯಿಂಗ್ ಗಮ್, ಗಂಟಲು ಕೆರೆತಕ್ಕೆ ಚೀಪುವ ಮಾತ್ರೆ, ಎಲ್ಲವೂ ಅವನಿಗೆ ಸಿಗರೇಟನ್ನು ನೆನಪಿಸುತ್ತಿದ್ದವು. ಸೋಂಪಿನ ರುಚಿಯ ಪೇಸ್ಟಿಗೆ ಬದಲಾಯಿಸು ಅಂದೆ, ಬೆಳಗಿನ ಆ ಹೊತ್ತು ದಾಟೋದು ಸುಲಭವಾಯಿತು ಅಂದ. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಬಿಡಿಸುವವರು ಇದನ್ನು ಕೇಳಲೇಬೇಕು.

ಇನ್ನೊಂದು ವಿಷಯ ಅಪ್ಪ ಅಮ್ಮಂದಿರಿಗೆ. ಮಿಂಟ್ ಸಿಗರೇಟು ಯಾಕೆ ಅಂತ ಕೇಳಿದರೆ ಮಕ್ಕಳು ಕೊಡುವ ಕಾರಣ, "ಮನೇಲಿ ವಾಸನೆ ಗೊತ್ತಾಗಲ್ಲ". ಬೀಡಿ ಸೇದುವ ತಾತನನ್ನು ಮೂಗಿನಿಂದಲೇ ಪತ್ತೆ ಹಚ್ಚುತ್ತಿದ್ದ ಮನೆಗಳಲ್ಲಿ ಈಗ ಮಗನ ಬಾಯಿಂದ ಪುದೀನ ವಾಸನೆ ಬಂದರೆ ಯಾರಿಗೂ ಅನುಮಾನ ಬರುವುದಿಲ್ಲ.

ಅಮೆರಿಕದ ಕಥೆ ನಮಗೆ ಎಚ್ಚರಿಕೆಯಾಗಬೇಕು. ಅಲ್ಲಿ 2009ರ ಕಾನೂನು ಸಿಗರೇಟಿನಲ್ಲಿ ಹಣ್ಣು, ಲವಂಗ, ಮಿಠಾಯಿ ರುಚಿಗಳನ್ನೆಲ್ಲ ನಿಷೇಧಿಸಿತು, ಮೆಂಥಾಲ್ ಒಂದನ್ನು ಮಾತ್ರ ಬಿಟ್ಟಿತು. ಅತಿ ಹೆಚ್ಚು ಮಾರಾಟವಾಗುವ ರುಚಿಯನ್ನೇ ಬಿಟ್ಟಿತು ಅನ್ನಿ. ಕಂಪನಿಗಳು ದಶಕಗಳ ಕಾಲ ಕಪ್ಪು ಜನರ ಬಡಾವಣೆಗಳನ್ನೇ ಗುರಿ ಮಾಡಿ ಮೆಂಥಾಲ್ ಪ್ರಚಾರ ಮಾಡಿದ್ದರ ಫಲವಾಗಿ, ಅಲ್ಲಿ ಸಿಗರೇಟು ಸೇದುವ ಕಪ್ಪು ಜನರಲ್ಲಿ ಹತ್ತಕ್ಕೆ ಎಂಟಕ್ಕಿಂತ ಹೆಚ್ಚು ಮಂದಿ ಮೆಂಥಾಲ್ ಸೇದುತ್ತಾರೆ. 2022ರಲ್ಲಿ ನಿಷೇಧದ ಪ್ರಸ್ತಾವ ಬಂತು, 2025ರ ಜನವರಿಯಲ್ಲಿ ಅದನ್ನು ಹಿಂತೆಗೆದುಕೊಂಡರು.

ಕೆನಡಾ ಹಾಗೆ ಮಾಡಲಿಲ್ಲ. 2017ರ ಅಕ್ಟೋಬರ್ ಹೊತ್ತಿಗೆ ದೇಶದಾದ್ಯಂತ ಮೆಂಥಾಲ್ ಸಿಗರೇಟು ನಿಂತಿತು. ಆಮೇಲೆ ನಡೆದ ಅಧ್ಯಯನದಲ್ಲಿ ಮೆಂಥಾಲ್ ಸೇದುತ್ತಿದ್ದವರಲ್ಲಿ ಸುಮಾರು 22% ಮಂದಿ ಸಿಗರೇಟನ್ನೇ ಬಿಟ್ಟಿದ್ದರು, ಮಾಮೂಲಿ ಸೇದುವವರಲ್ಲಿ ಬಿಟ್ಟವರು 15%. ಆ ವ್ಯತ್ಯಾಸದಷ್ಟು ಜನ ರುಚಿ ಹೋದದ್ದಕ್ಕೆ ಹೊರಬಂದರು ಅನ್ನಬಹುದು. ಯುರೋಪಿಯನ್ ಒಕ್ಕೂಟವೂ 2020ರ ಮೇ ತಿಂಗಳಲ್ಲಿ ಮೆಂಥಾಲ್ ಸಿಗರೇಟನ್ನು ನಿಲ್ಲಿಸಿತು. ನಿಷೇಧಿಸಿದರೆ ಕಳ್ಳಮಾಲು ಬರುತ್ತೆ ಅನ್ನುವವರಿಗೆ ನನ್ನ ಉತ್ತರ ಇದು: ಅಂಗಡಿಗಳಲ್ಲಿ ಕಾನೂನುಬದ್ಧವಾಗಿ ಸಿಗುವುದು ಮೊದಲು ತಪ್ಪಲಿ. ಕಳ್ಳಮಾಲು ಹಿಡಿಯೋದು ಬೇರೆ ಕೆಲಸ, ಅದನ್ನೂ ಮಾಡಲಿ.

ನಮ್ಮಲ್ಲಿ 2019ರಲ್ಲಿ ಇ-ಸಿಗರೇಟನ್ನು ಪೂರ್ತಿ ನಿಷೇಧಿಸಿದರು. ಆಗ ಸರ್ಕಾರ ಕೊಟ್ಟ ಕಾರಣಗಳಲ್ಲಿ ಆಕರ್ಷಕ ರೂಪ ಮತ್ತು ಬಗೆಬಗೆಯ ರುಚಿಗಳೂ ಇದ್ದವು. ಸರಿಯಾದ ಕಾರಣವೇ. ಹಾಗಾದರೆ ಅದೇ ಪುದೀನ ತಂಬಾಕು ಸುಡುವ ಸಿಗರೇಟಿನಲ್ಲಿ ಬಂದಾಗ ಯಾಕೆ ಅಡ್ಡಿಯಿಲ್ಲ? ತಂಬಾಕು ನಿಯಂತ್ರಣಕ್ಕಿರುವ 2003ರ ಕೇಂದ್ರ ಕಾನೂನು, ಕೋಟ್ಪಾ ಕಾಯ್ದೆ, ರುಚಿಗಳನ್ನು ನಿಷೇಧಿಸಿಲ್ಲ. ಕರ್ನಾಟಕ ತನ್ನ ಪಾಲಿನ ಕೆಲಸ ಸಾಕಷ್ಟು ಮಾಡಿದೆ. ಹುಕ್ಕಾ ಬಾರ್ ನಿಂತವು. 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ 21 ವರ್ಷದೊಳಗಿನವರಿಗೆ ಮಾರುವಂತಿಲ್ಲ, ಬಿಡಿಬಿಡಿಯಾಗಿಯೂ ಮಾರುವಂತಿಲ್ಲ. ಆದರೆ ಸಂಜೆ ಯಾವ ಟೀ ಅಂಗಡಿ ಮುಂದೆಯಾದರೂ ನಿಂತು ನೋಡಿ, ಸಿಗರೇಟುಗಳು ಒಂದೊಂದಾಗಿ ಕೈ ಬದಲಾಗುತ್ತಿರುತ್ತವೆ. ಪ್ಯಾಕಿನ 85% ಭಾಗ ಎಚ್ಚರಿಕೆ ಚಿತ್ರ ಇದೆ ಅಂತ ಹೆಮ್ಮೆಪಡುತ್ತೇವೆ. ಒಂದೇ ಸಿಗರೇಟು ಕೊಳ್ಳುವ ಹುಡುಗ ಆ ಪ್ಯಾಕನ್ನು ಕೈಯಲ್ಲಿ ಹಿಡಿಯುವುದೇ ಇಲ್ಲ. ಅವನ ಕೈಗೆ ಬರುವುದು ಗುಳಿಗೆಯ ಗುರುತಿರುವ ಫಿಲ್ಟರು ಮಾತ್ರ.

ಬಿಡಬೇಕು ಅಂದುಕೊಂಡವರಿಗೆ ಒಂದೆರಡು ಮಾತು. ಮಾಮೂಲಿ ಸಿಗರೇಟಿನಿಂದ ಮಿಂಟಿಗೆ ಬಂದರೆ ಬಿಡುವ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟಂತಲ್ಲ, ನಿಕೋಟಿನ್ ಹಾಗೇ ಇದೆ. ಮೊದಲ ಎರಡು ಮೂರು ದಿನ ಸಿಡಿಮಿಡಿ, ನಿದ್ದೆಗೇಡು ಜೋರಾಗಿರುತ್ತದೆ, ಆಮೇಲೆ ಇಳಿಯುತ್ತದೆ. ಸಿಗರೇಟಿನ ಬದಲು ಸ್ವಲ್ಪ ನಿಕೋಟಿನ್ ಕೊಟ್ಟು ಚಟ ಬಿಡಲು ನೆರವಾಗುವ ನಿಕೋಟಿನ್ ಗಮ್ ತೆಗೆದುಕೊಳ್ಳುವವರಲ್ಲಿ ಬಹಳ ಜನ ಮಾಮೂಲಿ ಚ್ಯೂಯಿಂಗ್ ಗಮ್ ಥರ ಜಗಿದು, ಹೊಟ್ಟೆ ತೊಳೆಸಿ, ಇದು ಆಗಲ್ಲ ಅಂತ ಬಿಟ್ಟುಬಿಡುತ್ತಾರೆ. ನಿಧಾನಕ್ಕೆ ಜಗಿಯಿರಿ, ನಾಲಿಗೆ ಚುರುಗುಟ್ಟಿದ ಕೂಡಲೇ ನಿಲ್ಲಿಸಿ ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಿ, ಚುರುಗು ಇಳಿದ ಮೇಲೆ ಮತ್ತೆ ಜಗಿಯಿರಿ. ಅದಕ್ಕೆ ಕಾಲು ಗಂಟೆ ಮೊದಲು ಕಾಫಿ, ಜ್ಯೂಸ್ ಬೇಡ, ನಿಕೋಟಿನ್ ಸರಿಯಾಗಿ ಹೀರಿಕೆಯಾಗುವುದಿಲ್ಲ.

ಸಿಗರೇಟು ಪ್ಯಾಕಿನ ಮೇಲೇ ಇರುವ 1800-11-2356, ತಂಬಾಕು ಬಿಡಲು ನೆರವಾಗುವ ಉಚಿತ ಸಂಖ್ಯೆ. ದಕ್ಷಿಣದ ರಾಜ್ಯಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಿಂದ ಸೇವೆ ಇದೆ, ಕನ್ನಡದಲ್ಲೇ ಮಾತಾಡಬಹುದು. ಕರೆ ಮಾಡಿದಾಗ ಯಾವ ರುಚಿಯದ್ದು ಸೇದುತ್ತೀರಿ ಅಂತ ಮುಚ್ಚಿಡದೆ ಹೇಳಿ. ಬೆಳಗ್ಗೆ ಮೊದಲನೆಯದು ಎಷ್ಟೊತ್ತಿಗೆ ಅನ್ನುವುದನ್ನೂ ಹೇಳಿ. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ 2 ಮಿಲಿಗ್ರಾಂ ಗಮ್ ಸಾಲದೆ 4 ಮಿಲಿಗ್ರಾಂದು ಬೇಕಾಗಬಹುದು, ಅದಕ್ಕೆ ವೈದ್ಯರ ಚೀಟಿ ಬೇಕು.